ಬೇರೆ ಕೆರೆಯ ಹೆಣ್ಣು

ದೆವ್ವ, ಗಾಳಿ, ಮಾಟ, ಮೈಮೇಲೆ ಬರುವುದು, ಇವು ಯಾವುದನ್ನೂ ನಾನು ನಂಬಿದವನಲ್ಲ. ನಂಬದೆ ಸುಮ್ಮನಿದ್ದವನೂ ಅಲ್ಲ. ನಂಬುವವರು ಸಿಕ್ಕರೆ ಎದುರಿಗೆ ಕೂರಿಸಿಕೊಂಡು, ಪ್ರಶ್ನೆ ಮೇಲೆ ಪ್ರಶ್ನೆ ಹಾಕಿ, ಅವರೇ ತಲೆ ತಗ್ಗಿಸುವ ಹಾಗೆ ಮಾಡುವುದು ನನಗೊಂದು ಚಟವಾಗಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು ನಾನು. ಯಾರಾದರೂ ಹುಣಸೇಮರದ ಕೆಳಗೆ ಹೋಗುವಾಗ ಯಾರೋ ಕರೆದ ಹಾಗಾಯಿತು ಎಂದರೆ, ಬರೀ ಹೆಸರು ಕರೆದರೋ ಇನಿಷಿಯಲ್ ಸಮೇತ ಕರೆದರೋ ಎಂದು ಕೇಳಿ ಸ್ಟಾಫ್ ರೂಮನ್ನೆಲ್ಲ ನಗಿಸುತ್ತಿದ್ದೆ. ಈಗ ನಾನು ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ಅದು ನನಗೆ ಸಲ್ಲಬೇಕಾದದ್ದೇ. ಆದರೆ ಆ ಸಂಜೆ ನನ್ನ ಕಿವಿಗೆ ಬಿದ್ದದ್ದಕ್ಕೆ ಮಾತ್ರ ನಗಿ. ಅದರ ಹಿಂದುಮುಂದೆ ನಾನು ಮಾಡಿದ್ದಕ್ಕೆ ನಗು ಬರುವುದಿಲ್ಲ.

ಕೊರೊನಾ ಮುಗಿದು ಒಂದೆರಡು ವರ್ಷವಾಗಿತ್ತು. ಆಗ ನಾನು ಹುತ್ತೂರು ಕಡೆಯ ಒಂದು ಶಾಲೆಯಲ್ಲಿದ್ದೆ. ವಾರವೆಲ್ಲ ಅಲ್ಲೇ ಬಾಡಿಗೆ ರೂಮು, ಶನಿವಾರ ಮಧ್ಯಾಹ್ನ ಬೈಕ್ ಹತ್ತಿ ಊರಿಗೆ. ನಮ್ಮೂರು ಮುಳಬಾಗಿಲಿನಿಂದಾಚೆ, ಗಡಿಗೆ ಹತ್ತಿರ. ಮನೆಯೊಳಗೆ ಕನ್ನಡ, ಕೆರೆ ಏರಿ ಮೇಲೆ ತೆಲುಗು, ಜಗಳಕ್ಕೆ ನಿಂತರೆ ಎರಡೂ. ಅಂಥ ಊರು.

ಶಾಲೆಯ ಹಿಂದೆ ಒಂದು ಕುಂಟೆ, ಮಳೆನೀರು ನಿಲ್ಲುವ ಸಣ್ಣ ಹೊಂಡ, ಇತ್ತು. ಆ ಬೇಸಿಗೆಯ ಕೊನೆಗೆ ಅದರಲ್ಲಿ ಕಪ್ಪೆಗಳು ಸಾಯತೊಡಗಿದವು. ಒಂದಲ್ಲ ಎರಡಲ್ಲ, ದಿನ ಬೆಳಗಾದರೆ ದಡದುದ್ದಕ್ಕೂ ಅಂಗಾತ ಬಿದ್ದಿರುತ್ತಿದ್ದವು. ಹೊಟ್ಟೆ ಊದಿ, ತೊಡೆಯ ಸಂದಿಯಲ್ಲಿ ಚರ್ಮದ ಕೆಳಗೆ ರಕ್ತ ಒಸರಿದ ಹಾಗೆ ಕೆಂಪಗಾಗಿರುತ್ತಿತ್ತು. ನಾನು ಫೋಟೋ ತೆಗೆದು ಪರಿಚಯದವರೊಬ್ಬರಿಗೆ ಕಳಿಸಿದೆ. ಅದು ಕೈಯಿಂದ ಕೈಗೆ ಹೋಗಿ, ಬೆಂಗಳೂರಿನಿಂದ ಸುಮಾ ಎಂಬ ಸಂಶೋಧಕಿ ಬಂದರು. ಕೇರಳದ ಕಡೆಯವರು, ಕನ್ನಡ ಬಾರದು. ನಮಗೆ ಕೊರೊನಾ ಬಂದ ಹಾಗೆ ಕಪ್ಪೆಗಳಿಗೂ ವೈರಸ್ ರೋಗವಿದೆ, ಗೊದಮೊಟ್ಟೆಯಿಂದ ಹಿಡಿದು ಬಲಿತ ಕಪ್ಪೆಯವರೆಗೆ ಇಡೀ ಕೆರೆಯನ್ನೇ ಬಳಿದುಕೊಂಡು ಹೋಗಬಲ್ಲದು ಎಂದು ವಿವರಿಸಿದರು. ಒಂದು ಮಾತನ್ನು ಮಾತ್ರ ಎರಡೆರಡು ಸಲ ಹೇಳಿದರು. ಈ ನೀರಿನದ್ದು ಏನನ್ನೂ ಇನ್ನೊಂದು ನೀರಿಗೆ ಒಯ್ಯಬಾರದು. ಕಪ್ಪೆ ಹಾಗಿರಲಿ, ಚಪ್ಪಲಿಗೆ ಅಂಟಿದ ಕೆಸರನ್ನೂ ಒಯ್ಯಬಾರದು. ಚೆನ್ನಾಗಿ ಕಾಣುವ ಕಪ್ಪೆಯ ಒಳಗೂ ರೋಗ ಇರಬಹುದು.

ನಾನು ಅವರ ಬಲಗೈ ಆಗಿಬಿಟ್ಟೆ. ಕುಂಟೆಯ ಪಕ್ಕ ಬ್ಲೀಚಿಂಗ್ ಪೌಡರ್ ಕಲಸಿದ ಬಕೆಟ್ ಇಟ್ಟು, ಮಕ್ಕಳೆಲ್ಲ ಕಾಲು ತೊಳೆದೇ ಬರಬೇಕೆಂದು ಕಟ್ಟಪ್ಪಣೆ ಮಾಡಿದೆ. ಮರೆತು ಕೆಸರು ಕಾಲಲ್ಲೇ ಬಂದ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಒಂದು ಪೀರಿಯಡ್ ಪೂರ್ತಿ ಹೊರಗೆ ನಿಲ್ಲಿಸಿದ್ದೆ. ಸುತ್ತಮುತ್ತ ನನಗೆ ಕಪ್ಪೆ ಮೇಷ್ಟ್ರು ಎಂದು ಹೆಸರೇ ಬಿತ್ತು. ಬೇಡ ಬೇಡ ಎನ್ನುತ್ತಲೇ ಆ ಹೆಸರಿಗೆ ಒಳಗೊಳಗೇ ಹಿಗ್ಗುತ್ತಿದ್ದೆ.

ಆಷಾಢ ಬಂದರೂ ನಮ್ಮ ಕಡೆ ಮಳೆಯಿಲ್ಲ. ಊರ ಕೆರೆಯಲ್ಲಿ ತೂಬಿನ ಹತ್ತಿರದ ಗುಂಡಿಯಲ್ಲಷ್ಟೇ ನೀರು. ಅಂಥ ವರ್ಷ ನಮ್ಮಲ್ಲಿ ಕಪ್ಪೆ ಮದುವೆ ಮಾಡುತ್ತಾರೆ. ಎರಡು ಕಪ್ಪೆಗೆ ಅರಿಶಿನ ಹಚ್ಚಿ, ಹೆಣ್ಣಿನ ಕೊರಳಿಗೆ ದಾರ ಕಟ್ಟಿ, ಬೇವಿನ ಸೊಪ್ಪು ಸುತ್ತಿದ ಒನಕೆಯ ಮೇಲಿಟ್ಟುಕೊಂಡು ಮನೆಮನೆ ಸುತ್ತುವುದು, ಹೆಂಗಸರು ತಂಬಿಗೆಯಲ್ಲಿ ನೀರು ಹೊಯ್ಯುವುದು, ಕೊನೆಗೆ ಜೋಡಿಯನ್ನು ಕೆರೆಗೆ ಬಿಡುವುದು. ಇದರ ಯಜಮಾನಿಕೆ ನಮ್ಮ ಸೋದರತ್ತೆ ಪಾಪಮ್ಮನದು. ಆ ಶನಿವಾರ ಬೆಳಿಗ್ಗೆ ಅವಳೇ ಫೋನ್ ಮಾಡಿದಳು. ಬರುವಾಗ ಒಂದು ಹೆಣ್ಣು ಕಪ್ಪೆ ಹಿಡಿದುಕೊಂಡು ಬರಬೇಕಂತೆ. ನಮ್ಮ ಕೆರೆಯಲ್ಲೇ ಎರಡೂ ಸಿಗುತ್ತವಲ್ಲ ಎಂದು ನಾನು ನಕ್ಕೆ.

“ಥೂ, ನಿನ್ನ ಓದಿಗಿಷ್ಟು,” ಎಂದಳು ಅತ್ತೆ. “ಒಂದೇ ಕೆರೆ ನೀರಲ್ಲಿ ಹುಟ್ಟಿರೋವು ಅಣ್ಣ ತಂಗಿ ಆಗಲ್ವೇನೋ? ಅಣ್ಣ ತಂಗಿಗೆ ತಾಳಿ ಕಟ್ಟಿಸಿದ್ರೆ ಮಳೆ ಬರ್ತದಾ, ಸಿಡ್ಲು ಬರ್ತದೆ. ಹೆಣ್ಣು ಬೇರೆ ಕೆರೆದೇ ಆಗ್ಬೇಕು ಕಣೋ.”

ಅಷ್ಟೇ ಅಲ್ಲ, ಹೋದ ಸಲ ಯಾರೋ ಗೊತ್ತಿಲ್ಲದೆ ಎರಡು ಗಂಡನ್ನೇ ಹಿಡಿದು ತಂದು ಮದುವೆ ಮಾಡಿಸಿದ್ದರಂತೆ. ಅದಕ್ಕೇ ಆ ವರ್ಷ ಹನಿ ಬೀಳಲಿಲ್ಲವಂತೆ. ಈ ಸಲ ಹಾಗಾಗಬಾರದು, ಗಂಡು ಯಾವುದು ಹೆಣ್ಣು ಯಾವುದು ಎಂದು ನೋಡಿ ಹೇಳಲು ಮನೆಯಲ್ಲೇ ಕಪ್ಪೆ ಮೇಷ್ಟ್ರು ಇರುವಾಗ ಯಾರನ್ನು ಕೇಳಲಿ ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಸೋಮವಾರ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಗಲು ಒಳ್ಳೆಯ ಸರಕು ಎಂದುಕೊಂಡು ಒಪ್ಪಿಕೊಂಡೆ.

ಬೇರೆ ಎಲ್ಲಿಂದಾದರೂ ತರಬಹುದಿತ್ತು. ದೇವರಾಯಸಮುದ್ರದ ಕೆರೆ ದಾರಿಗೆ ಹತ್ತಿರವೇ ಇದೆ. ಆದರೆ ಬೈಕ್ ನಿಲ್ಲಿಸಬೇಕು, ಏರಿ ಇಳಿಯಬೇಕು, ಹುಡುಕಬೇಕು. ಶಾಲೆಯ ಹಿಂದಿನ ಕುಂಟೆಯ ದಡದಲ್ಲಿ ಒಂದು ದೊಡ್ಡ ಗೋಂಕರು ಕಪ್ಪೆ ಕಣ್ಣೆದುರೇ ಕೂತಿತ್ತು. ಹಿಡಿದು ತಿರುಗಿಸಿ ನೋಡಿದೆ. ಹೆಣ್ಣೇ. ತೊಡೆಯಲ್ಲಿ ಕೆಂಪಿಲ್ಲ, ಗುಂಡುಗುಂಡಾಗಿದೆ. ಖಾಲಿ ಪೇಂಟ್ ಡಬ್ಬಿಗೆ ಹಾಕಿಕೊಂಡು ಹೊರಟೆ. ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಗೊತ್ತಿತ್ತು. ಒಂದು ಕಪ್ಪೆಯಿಂದ ಏನಾದೀತು ಎಂದುಕೊಂಡೆ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎನ್ನುತ್ತಾರಲ್ಲ, ಅದು ನನ್ನಂಥವರನ್ನು ನೋಡಿಯೇ ಹೇಳಿರಬೇಕು.

ಭಾನುವಾರ ಮದುವೆಯಾಯಿತು. ಗುರುವಾರ ಮಳೆ ಬಂತು. ಬಂದದ್ದೆಂದರೆ ಹೇಗೆ, ಎರಡು ವಾರ ಬಿಡದೆ ಹೊಡೆದು ಕೆರೆ ಅರ್ಧಕ್ಕೆ ಬಂತು. ಊರಲ್ಲಿ ಪಾಪಮ್ಮತ್ತೆಯನ್ನು ಹಿಡಿಯುವವರಿಲ್ಲ. ಹೆಣ್ಣು ಸರಿಯಾಗಿದ್ದರೆ ಮನೆ ತುಂಬುತ್ತದೆ ಎಂದು ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದಳು. ನನಗೂ ಹೋದಲ್ಲೆಲ್ಲ ಕಾಫಿ ಸಿಗುತ್ತಿತ್ತು. ಕಪ್ಪೆಗಳಂತೂ ಕೆರೆಯೇ ಹಾರಿಹೋಗುವ ಹಾಗೆ ಕೂಗುತ್ತಿದ್ದವು.

ತಿಂಗಳು ಕಳೆಯುವಷ್ಟರಲ್ಲಿ ಸಾವು ಶುರುವಾಯಿತು. ಮೊದಲು ಗೊದಮೊಟ್ಟೆಗಳು ಕರಿ ನೊರೆಯ ಹಾಗೆ ದಡಕ್ಕೆ ಬಂದು ನಿಂತವು. ಆಮೇಲೆ ದೊಡ್ಡವು. ಅದೇ ಊದಿದ ಹೊಟ್ಟೆ, ಅದೇ ಕೆಂಪು. ನಾನು ಏರಿಯ ಮೇಲೆ ನಿಂತು ನೋಡಿದೆ. ಸುಮಾ ಅವರಿಗೆ ನಾನೇ ಫೋನ್ ಮಾಡಿದೆ, ಅಷ್ಟು ಮಾಡಿದೆ ನಿಜ. ಅವರು ಬಂದು ಮಾದರಿ ತೆಗೆದುಕೊಂಡು, ಊರವರನ್ನು ಕೆಲವು ಪ್ರಶ್ನೆ ಕೇಳಬೇಕು, ನೀವು ಕನ್ನಡದಲ್ಲಿ ಕೇಳಿ ಎಂದರು. ಎದುರಿಗೆ ಪಾಪಮ್ಮತ್ತೆ ನಿಂತಿದ್ದಳು. ಹೊರಗಿನಿಂದ ಯಾರಾದರೂ ಈ ಕೆರೆಗೆ ಕಪ್ಪೆ, ಮೀನು, ಬಲೆ ಏನಾದರೂ ತಂದಿದ್ದಾರೆಯೇ ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ನಾನು ಅತ್ತೆಯ ಕಡೆ ತಿರುಗಿ, ಕಪ್ಪೆ ಸಾಯೋದು ಯಾವಾಗ ಶುರುವಾಯಿತು ಎಂದು ಮೇಡಂ ಕೇಳ್ತಿದ್ದಾರೆ ಎಂದೆ. ಅತ್ತೆ ಏಕಾದಶಿಯಿಂದ ಎಂದಳು. ನಾನು ಈ ಕಡೆ ತಿರುಗಿ, ಯಾರೂ ಏನೂ ತಂದಿಲ್ಲವಂತೆ ಎಂದೆ. ಸುಮಾ ಬರೆದುಕೊಂಡರು.

ಇನ್ನು ಗಂಗುಲಪ್ಪನ ವಿಷಯ ಹೇಳಬೇಕು. ಅವನು ಗಡಿಯಾಚೆಯ ಊರಿನವನು. ನಮ್ಮ ಕೆರೆಯಲ್ಲಿ ಮೀನು ಸಾಕುವ ಟೆಂಡರು ಹಿಡಿದು, ಹೆಂಡತಿ ಜೊತೆ ಏರಿಯ ಮೇಲೆ ಟಾರ್ಪಾಲಿನ ಗುಡಿಸಲು ಹಾಕಿಕೊಂಡು ಮೂರು ವರ್ಷದಿಂದ ಇದ್ದ. ಲಾರಿ ಟ್ಯೂಬಿನ ಮೇಲೆ ಕೂತು ಬಲೆ ಬಿಡುತ್ತಿದ್ದ. ಮಳೆಗೆ ನೀರು ಕದಡಿತ್ತೆಂದು ಅವನು ಆ ದಿನಗಳಲ್ಲೇ ಸುಣ್ಣ ಹಾಕಿದ್ದ. ಮೀನು ಸಾಕುವವರೆಲ್ಲ ಹಾಕುತ್ತಾರೆ. ಆದರೆ ಬಿಳಿ ಪುಡಿ ಎರಚುವುದನ್ನು ನಾಲ್ಕು ಜನ ನೋಡಿದ್ದರು. ಮೀನು ಬದುಕಿವೆ, ಕಪ್ಪೆ ಮಾತ್ರ ಸತ್ತಿವೆ. ಮೀನಿನ ಮರಿ ತಿನ್ನುತ್ತವೆಂದು ಇವನೇ ವಿಷ ಹಾಕಿದ್ದಾನೆ, ನಮಗೆ ಮಳೆ ತಂದ ಮದುವಣಗಿತ್ತಿಯನ್ನು ಕೊಂದಿದ್ದಾನೆ ಎಂದು ಊರೆಲ್ಲ ಒಂದಾಯಿತು. ಭಾನುವಾರ ಬೆಳಿಗ್ಗೆ ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿತು.

ಗಂಗುಲಪ್ಪ ಕೈಮುಗಿದುಕೊಂಡೇ ನಿಂತಿದ್ದ. ಸುಣ್ಣಕ್ಕೆ ಕಪ್ಪೆ ಸಾಯುವುದಿಲ್ಲ ಎಂದು ಮೂರು ಸಲ ಹೇಳಿದ. ಯಾರೂ ಕೇಳದಿದ್ದಾಗ ಸುತ್ತ ನೋಡಿದ, ಹಿಂದೆ ನಿಂತಿದ್ದ ನಾನು ಅವನ ಕಣ್ಣಿಗೆ ಬಿದ್ದೆ. ಅವನ ಮುಖ ಅರಳಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ಕೈ ಆಗಲೇ ಹೆಗಲಿನ ಟವೆಲ್ ಸರಿಮಾಡಿಕೊಳ್ಳುತ್ತಿತ್ತು.

“ಮೇಷ್ಟ್ರು ಓದಿರೋರು ಸಾಮಿ,” ಎಂದ. “ಸುಣ್ಣಕ್ಕೆ ಕಪ್ಪೆ ಸಾಯ್ತಾವೆ ಅಂತ ಅವರು ಒಂದ್ ಮಾತು ಹೇಳಿದ್ರೆ, ನಾನ್ ಈಗ್ಲೇ ಗಂಟುಮೂಟೆ ಕಟ್ತೀನಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಪಾಪಮ್ಮತ್ತೆಯೂ ತಿರುಗಿದಳು. ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲೇ ಇತ್ತು. ಕಪ್ಪೆ ಮೇಷ್ಟ್ರೇ ಕಪ್ಪೆಗಳನ್ನು ಕೊಂದ ಎಂದು ನಾಳೆ ಹುತ್ತೂರಿಗೂ ಸುದ್ದಿ ಹೋಗುತ್ತದೆ, ಹೊರಗೆ ನಿಲ್ಲಿಸಿದ ಆ ಹುಡುಗಿಗೂ ಗೊತ್ತಾಗುತ್ತದೆ ಎಂಬುದೂ ಮನಸ್ಸಿಗೆ ಬಂತು.

“ಜಾಸ್ತಿ ಆದ್ರೆ ಸಾಯಬಹುದು,” ಎಂದೆ.

ಅದು ಸುಳ್ಳಲ್ಲ, ನೋಡಿ. ಪುಸ್ತಕ ತೆಗೆದರೆ ಹಾಗೆಯೇ ಇದೆ. ಆದರೆ ಅಂಥ ಸುಳ್ಳನ್ನು ನಾನು ಜನ್ಮದಲ್ಲಿ ಹೇಳಿರಲಿಲ್ಲ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತು ಎನ್ನುವ ಗಾದೆಯನ್ನು ಮಕ್ಕಳಿಗೆ ವಿವರಿಸುವಾಗ ಈಗಲೂ ನನ್ನ ಮಾತು ತೊದಲುತ್ತದೆ. ಬರುವ ಭಾನುವಾರದೊಳಗೆ ಊರು ಬಿಡಬೇಕೆಂದು ಗಂಗುಲಪ್ಪನಿಗೆ ಹೇಳಿದರು.

ಆ ವಾರ ನಾನು ಊಟ ಮಾಡಿದ್ದು, ಪಾಠ ಮಾಡಿದ್ದು ನೆನಪಿಲ್ಲ. ಶನಿವಾರ ಊರಿಗೆ ಬಂದವನು ಮನೆಗೂ ಹೋಗದೆ ನೇರ ಕೆರೆ ಏರಿಗೆ ಹೋದೆ. ಅವನಿಗೆ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ದೀಪ ಹಚ್ಚುವ ಹೊತ್ತು. ಗುಡಿಸಲು ಅರ್ಧ ಬಿಚ್ಚಿತ್ತು. ಅವನ ಹೆಂಡತಿ ಹತ್ತು ಹೆಜ್ಜೆ ಆಚೆ ಮೂರು ಕಲ್ಲಿನ ಒಲೆ ಊದುತ್ತಿದ್ದಳು. ಗಂಗುಲಪ್ಪ ಬಲೆ ಮಡಿಸುತ್ತಿದ್ದವನು ಎದ್ದು, ಕೂತ್ಕೊಳ್ಳಿ ಸಾರ್ ಎಂದು ಲಾರಿ ಟ್ಯೂಬನ್ನು ನನ್ನ ಕಡೆ ತಳ್ಳಿದ. ನನ್ನ ಮೇಲೆ ಅವನಿಗೆ ಒಂದಿಷ್ಟೂ ಸಿಟ್ಟಿರಲಿಲ್ಲ. ಓದಿದವರು ಇದ್ದದ್ದನ್ನು ಹೇಳಿದ್ದಾರೆ, ಅದರಲ್ಲಿ ತಪ್ಪೇನು ಎಂದ. ಜೋಡಿಸಿಕೊಂಡು ಬಂದದ್ದನ್ನೆಲ್ಲ ಬಿಟ್ಟು ನಾನು ಟ್ಯೂಬಿನ ಮೇಲೆ ಕೂತೆ. ಅವನೂ ಪಕ್ಕದಲ್ಲಿ ಕೂತ. ಅವನು ಬೀಡಿ ಹಚ್ಚಿದ.

ಕೆರೆ ಸತ್ತಂತಿತ್ತು. ಎರಡು ವಾರದಿಂದ ಒಂದು ಕಪ್ಪೆಯೂ ಕೂಗಿರಲಿಲ್ಲ. ಸುಮಾ ಅವರು ದಡವೆಲ್ಲ ಜಾಲಾಡಿ ಜೀವಂತ ಕಪ್ಪೆ ಒಂದೂ ಇಲ್ಲವೆಂದು ಹೇಳಿ ಹೋಗಿದ್ದರು.

ಮೊದಲು ತೂಬಿನ ಕಡೆಯಿಂದ ಒಂದು ಕೂಗಿತು. ಗೋಂಕರು ಕಪ್ಪೆಯ ದಪ್ಪ ದನಿ. ನಾನು ತಲೆಯೆತ್ತಿದೆ. ಅದರ ಹಿಂದೆ ಎರಡು, ನಾಲ್ಕು, ಆಮೇಲೆ ಲೆಕ್ಕವಿಲ್ಲ. ದಪ್ಪ ದನಿ, ಕೀಚಲು ದನಿ, ಕಟಕಟ ಎನ್ನುವವು, ಎಲ್ಲವೂ ಸೇರಿ ಆ ಮಳೆಯ ವಾರ ಕೂಗಿದ ಹಾಗೆಯೇ ಕೂಗತೊಡಗಿದವು. ನೀರಿನ ಕಡೆಯಿಂದ ಮಾತ್ರ ಅಲ್ಲ. ನಾವು ಕೂತ ಏರಿಯ ಕೆಳಗಿನಿಂದ, ಬೆನ್ನ ಹಿಂದಿನ ಗದ್ದೆಯಿಂದ, ಎಲ್ಲ ಕಡೆಯಿಂದ. ನನ್ನ ಎದೆಗೂಡು ಅದುರುವುದು ನನಗೆ ಗೊತ್ತಾಗುತ್ತಿತ್ತು.

ಗಂಗುಲಪ್ಪ ನಿಧಾನವಾಗಿ ಎದ್ದು ನಿಂತ. ಒಂದು ಕಲ್ಲು ತೆಗೆದು ನೀರಿಗೆ ಎಸೆದ. ಕಪ್ಪೆ ಕೂಗುವಾಗ ಕಲ್ಲು ಬಿದ್ದರೆ ತಟಕ್ಕನೆ ನಿಲ್ಲಬೇಕು, ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಿಲ್ಲಲಿಲ್ಲ. ಮೊಬೈಲಿನ ಟಾರ್ಚ್ ಹಾಕಿ ದಡದುದ್ದಕ್ಕೂ ಬೆಳಕು ಬಿಟ್ಟ. ಕಪ್ಪೆಯ ಕಣ್ಣಾಗಿದ್ದರೆ ಬೆಳಕಿಗೆ ಹೊಳೆಯಬೇಕು. ಖಾಲಿ ನೀರು, ಖಾಲಿ ಕೆಸರು. ಆಚೆ ಅವನ ಹೆಂಡತಿ ತಲೆಯೆತ್ತದೆ ಒಲೆ ಊದುತ್ತಲೇ ಇದ್ದಳು.

ಅವನು ನನ್ನ ಹತ್ತಿರ ಬಂದು ಬಗ್ಗಿ, ನನ್ನ ಮುಖವನ್ನೇ ನೋಡುತ್ತ ಕೇಳಿದ.

“ವಿನಪಡತಾ ಉಂದಾ ಸಾರ್? ನಿಮ್ಗೂ ಕೇಳಿಸ್ತಾ ಐತಾ?”

ಹೌದು ಎಂದರೆ ಸಾಕಾಗಿತ್ತು. ಆದರೆ ನನಗೂ ಕೇಳಿಸುತ್ತದೆ ಎಂದರೆ ನನಗೆ ಯಾಕೆ ಕೇಳಿಸುತ್ತದೆ ಎಂಬ ಪ್ರಶ್ನೆ ಬರುತ್ತದೆ. ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಅಷ್ಟೇ.

“ಏನು? ಏನೂ ಕೇಳಿಸ್ತಿಲ್ಲವಲ್ಲ,” ಎಂದೆ.

ಅದನ್ನು ನಾನು ಕೂಗಿ ಹೇಳಿದೆ. ಕೂಗದಿದ್ದರೆ ಆ ಗದ್ದಲದಲ್ಲಿ ನನ್ನ ಮಾತು ಅವನಿಗೆ ಕೇಳಿಸುತ್ತಿರಲಿಲ್ಲ. ಇಷ್ಟು ಹತ್ತಿರ ನಿಂತವನಿಗೆ ಮೇಷ್ಟ್ರು ಯಾಕೆ ಕೂಗುತ್ತಾರೆ ಎಂದು ಅವನಿಗೆ ಹೊಳೆಯಲಿಲ್ಲ. ಅವನ ತುಟಿ ಅಲುಗುವುದು ಕಾಣುತ್ತಿತ್ತು, ಮಾತನ್ನು ನಾನು ಊಹೆ ಮಾಡಿಕೊಳ್ಳಬೇಕಾಯಿತು.

“ಅಂಗಾದ್ರೆ ನನ್ಗೊಬ್ಬನ್ಗೇ,” ಎಂದ. “ಸುಣ್ಣ ಜಾಸ್ತೀನೇ ಹಾಕ್ಬಿಟ್ಟೆ ಸಾರ್ ನಾನು. ತಪ್ಪು ನಂದೇ.”

ಒಂದು ವಾರ ಇಡೀ ಊರು ಹೇಳಿದರೂ ಒಪ್ಪದಿದ್ದವನು ಆಗ ಒಪ್ಪಿಕೊಂಡ. ಚಪ್ಪಲಿ ಬಿಟ್ಟು ಏರಿ ಇಳಿದು, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡ. ತುಂಬಾ ಹೊತ್ತು ಅಲ್ಲೇ ಕೈಮುಗಿದು ಕುಕ್ಕರಗಾಲಲ್ಲಿ ಕೂತಿದ್ದ. ನಾನು ಏನೂ ಕೇಳಿಸದವನ ಹಾಗೆ ಮುಖ ಮಾಡಿಕೊಂಡು ಟ್ಯೂಬಿನ ಮೇಲೆ ಕೂತಿದ್ದೆ. ಯಾವಾಗ ನಿಂತಿತೋ ಗೊತ್ತಿಲ್ಲ. ಅವನು ಮೇಲೆ ಬರುವ ಹೊತ್ತಿಗೆ ಒಲೆ ಊದುವ ಸದ್ದು ಕೇಳಿಸುತ್ತಿತ್ತು. ಬೆಳಿಗ್ಗೆ ಏರಿಯ ಮೇಲೆ ಗುಡಿಸಲಿರಲಿಲ್ಲ.

ಆಮೇಲೆ ಸುಮಾ ಅವರ ಫಲಿತಾಂಶ ಬಂತು. ಎರಡೂ ಕಡೆ ಅದೇ ವೈರಸ್. ಹುತ್ತೂರಿನ ಕುಂಟೆಯಿಂದ ಇಷ್ಟು ದೂರ ಅದು ಹೇಗೆ ಬಂತೆಂದು ಅವರು ತಲೆ ಕೆಡಿಸಿಕೊಂಡರು. ಕೊಕ್ಕರೆಗಳ ಕಾಲಿಗೆ ಅಂಟಿಕೊಂಡು ಬಂದಿರಬಹುದೇ ಎಂದು ನಾನು ಸಲಹೆ ಕೊಟ್ಟೆ. ಹೌದು, ಅದನ್ನೂ ನಾನೇ ಹೇಳಿದೆ. ಗಂಗುಲಪ್ಪನದು ತಪ್ಪಿಲ್ಲವೆಂದು ಊರಿಗೆ ಹೇಳಲು ಆ ಕಾಗದವೊಂದೇ ಸಾಕಿತ್ತು. ಹೇಳಿದರೆ ಎಲ್ಲಿಂದ ಬಂತು ಎಂದು ಅತ್ತೆ ಕೇಳುತ್ತಾಳೆ. ಕಾಗದವನ್ನು ಮಡಿಸಿ ಇಟ್ಟೆ.

ಆ ಸದ್ದಿನ ಬಗ್ಗೆ ಎಷ್ಟೋ ವಿಧದಲ್ಲಿ ಯೋಚಿಸಿದ್ದೇನೆ. ಮಣ್ಣೊಳಗೆ ಅವಿತ ಕಪ್ಪೆಗಳು ಕೂಗಿರಬಹುದೇ ಎಂದು ಸುಮಾ ಅವರನ್ನು ಬೇರೆ ಯಾವುದೋ ನೆಪದಲ್ಲಿ ಕೇಳಿದೆ. ಅಷ್ಟು ಜಾತಿಯವು ಒಟ್ಟಿಗೆ ಹಾಗೆ ಕೂಗುವುದಿಲ್ಲ ಎಂದರು. ಪಕ್ಕದ ಕೆರೆಯ ಸದ್ದು ಗಾಳಿಯಲ್ಲಿ ಬಂತು ಎನ್ನೋಣವೆಂದರೆ ಒಲೆಯ ಮುಂದಿದ್ದ ಹೆಂಗಸಿಗೆ ಯಾಕೆ ಕೇಳಲಿಲ್ಲ? ಪಾಪಪ್ರಜ್ಞೆ, ಮನಸ್ಸಿನ ಭ್ರಮೆ ಎಂದು ನನ್ನ ಮಟ್ಟಿಗೆ ಹೇಳಿಕೊಳ್ಳಬಹುದು. ಪಾಪವೇ ಮಾಡದವನಿಗೆ ಭ್ರಮೆ ಎಲ್ಲಿಂದ ಬಂತು? ಒಬ್ಬನಿಗೆ ಕೇಳಿದ್ದು ಭ್ರಮೆ, ಇಬ್ಬರಿಗೆ ಕೇಳಿದ್ದು ಭ್ರಮೆಯಲ್ಲ. ಇಬ್ಬರಿಗೂ ಕೇಳಿತ್ತು ಎನ್ನುವುದು ಗೊತ್ತಿರುವವನು ನಾನೊಬ್ಬನೇ. ಅದು ಏನೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಹೋದ ವರ್ಷ ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಯಲ್ಲಿ ಗಂಗುಲಪ್ಪ ಸಿಕ್ಕಿದ. ಮಾವನ ಊರಿನ ತೋಟವೊಂದನ್ನು ಕಾಯುತ್ತಿದ್ದಾನಂತೆ. ಮೀನಿನ ಕೆಲಸ ಬಿಟ್ಟಿದ್ದಾನೆ, ತಿನ್ನುವುದನ್ನೂ ಬಿಟ್ಟಿದ್ದಾನೆ, ಹೊತ್ತು ಮುಳುಗಿದ ಮೇಲೆ ಯಾವ ಕೆರೆ ಏರಿಯ ಮೇಲೂ ಕಾಲಿಡುವುದಿಲ್ಲವಂತೆ. ಬಲವಂತ ಮಾಡಿ ನನಗೆ ಟೀ ಕುಡಿಸಿದ. ನಮ್ಮ ಕೆರೆಯಲ್ಲಿ ಈಗ ಕಪ್ಪೆ ಇದ್ದಾವೆಯೇ ಎಂದು ತಗ್ಗಿದ ದನಿಯಲ್ಲಿ ಕೇಳಿದ. ಈ ಮಳೆಗೆ ಒಂದೆರಡು ಕೂಗಿದವು ಎಂದೆ. ಅವನ ಕಣ್ಣಲ್ಲಿ ನೀರು ಬಂತು. ಹಾಗಾದರೆ ಗಂಗಮ್ಮ ನನ್ನನ್ನು ಕ್ಷಮಿಸುತ್ತಾಳೆ ಸಾರ್ ಎಂದ. ನಾನು ಗ್ಲಾಸು ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಂದೆ.

ಇದನ್ನೆಲ್ಲ ಹೇಳಿಕೊಳ್ಳಲು ಈಗಲಾದರೂ ಧೈರ್ಯ ಬಂತಲ್ಲ ಎಂದು ನೀವು ಅಂದುಕೊಳ್ಳಬಹುದು. ಹಾಗೆ ಅಂದುಕೊಳ್ಳಬೇಡಿ. ಗಂಗುಲಪ್ಪ ಗಡಿಯಾಚೆಯ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಓದಿದವನು. ಅವನಿಗೆ ತೆಲುಗು ಅಕ್ಷರ ಬರುತ್ತದೆ, ಕನ್ನಡ ಓದಲು ಬರುವುದಿಲ್ಲ. ನನಗೆ ತೆಲುಗು ಬರೆಯಲು ಚೆನ್ನಾಗಿಯೇ ಬರುತ್ತದೆ.